ತಿರುಗಾಟದ ಮೇಳಕ್ಕೆ ಬಾಳಿಕೆ ಬರುವ ಆಡಿಯೊ ಮಿಕ್ಸರ್ ಆರಿಸುವ ಬಗೆ

ಕರಾವಳಿಯ ಹೆಚ್ಚಿನ ಯಕ್ಷಗಾನ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯವರೆಗೆ ಬಹುತೇಕ ಪ್ರತಿರಾತ್ರಿ ಹೊಸದೊಂದು ಊರಿನಲ್ಲಿ ಆಟವಾಡುತ್ತವೆ. ಧ್ವನಿವರ್ಧಕದ ಸಾಮಾನುಗಳನ್ನು ಸಂಜೆ ಇಳಿಸಿ, ಗದ್ದೆಯ ಧೂಳು ಮತ್ತು ನಸುಕಿನ ಇಬ್ಬನಿಯ ನಡುವೆ ದುಡಿಸಿ, ಆಟ ಮುಗಿದ ಕೂಡಲೇ ಮತ್ತೆ ವಾಹನಕ್ಕೆ ಏರಿಸಲಾಗುತ್ತದೆ. ಹಲವು ಮೈಕುಗಳ ಧ್ವನಿಯನ್ನು ಹದವಾಗಿ ಬೆರೆಸಿ ಸ್ಪೀಕರಿಗೆ ಕಳುಹಿಸುವ ಸಾಧನವೇ ಮಿಕ್ಸರ್. ಇಂತಹ ದುಡಿಮೆಯನ್ನು ತಾಳಿಕೊಳ್ಳುವ ಮಿಕ್ಸರ್ ಸುಗಮ ಸಂಗೀತದ ವೇದಿಕೆಗೂ ಜಾತ್ರೆಯ ಆರ್ಕೆಸ್ಟ್ರಾಕ್ಕೂ ನಿಸ್ಸಂದೇಹವಾಗಿ ಸಾಕಾಗುತ್ತದೆ. ಆದ್ದರಿಂದ ಮೇಳದ ಅಗತ್ಯವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಆಯ್ಕೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಮೈಕುಗಳನ್ನು ಎಣಿಸಬೇಕು. ಭಾಗವತರು, ಚೆಂಡೆ, ಮದ್ದಳೆ, ಶ್ರುತಿಪೆಟ್ಟಿಗೆ, ಜೊತೆಗೆ ವೇಷಧಾರಿಗಳ ಮಾತಿಗೆಂದು ರಂಗಸ್ಥಳದಲ್ಲಿ ಇಡುವ ಮೂರು ನಾಲ್ಕು ಮೈಕುಗಳು ಸೇರಿದರೆ ಎಂಟರ ಹತ್ತಿರ ಬರುತ್ತದೆ. ಇದರ ಮೇಲೆ ಎರಡು ಇನ್‌ಪುಟ್‌ಗಳಾದರೂ ಮಿಗುವಂತಿರಬೇಕು, ಏಕೆಂದರೆ ಆಟದ ನಡುವೆ ಒಂದು ಚಾನೆಲ್ (ಮಿಕ್ಸರಿನೊಳಗೆ ಒಂದು ಇನ್‌ಪುಟ್‌ಗೆ ಮೀಸಲಾದ ದಾರಿ) ಕೆಟ್ಟರೆ ಮೈಕನ್ನು ಪಕ್ಕದ ಚಾನೆಲ್‌ಗೆ ಬದಲಿಸುವುದೊಂದೇ ಆಗ ಉಳಿಯುವ ದಾರಿ. ಮಿಕ್ಸರಿನ ಹೆಸರಿನಲ್ಲಿರುವ ಸಂಖ್ಯೆಯನ್ನು ನೋಡಿ ಲೆಕ್ಕ ಹಾಕಬಾರದು. ಯಮಾಹಾ ಎಂಜಿ16ಎಕ್ಸ್‌ಯು ಮಿಕ್ಸರಿಗೆ ಜೋಡಿಸಬಹುದಾದ ಮೈಕುಗಳು 10 ಮಾತ್ರ, ಎಂಜಿ12ಎಕ್ಸ್‌ಯುವಿಗೆ 6 ಮಾತ್ರ. ಉಳಿದವು ಕೀಬೋರ್ಡ್ ಅಥವಾ ಪ್ಲೇಯರ್‌ನಂತಹ, ಮೈಕಿಗಿಂತ ಪ್ರಬಲವಾದ ಲೈನ್ ಮಟ್ಟದ ಸಂಕೇತಗಳಿಗೆ ಮೀಸಲು. ಚೆಂಡೆಯ ಚಾನೆಲ್‌ನಲ್ಲಿ ಒಳಬರುವ ಸಂಕೇತವನ್ನು ತಗ್ಗಿಸುವ ಪ್ಯಾಡ್ ಸ್ವಿಚ್ ಇರುವುದು ಅಗತ್ಯ. ಅದಿಲ್ಲದಿದ್ದರೆ ಹತ್ತಿರದಲ್ಲಿಟ್ಟ ಮೈಕಿನ ಸಂಕೇತವು ಗೇನ್ (ಸಂಕೇತವನ್ನು ಹಿಗ್ಗಿಸುವ ನಿಯಂತ್ರಣ) ಅನ್ನು ಪೂರ್ತಿ ಇಳಿಸಿದರೂ ಒಡೆದು ಕೇಳಿಸುವ ಸಂಭವವಿದೆ.

ಬಾಳಿಕೆಯ ವಿಷಯಕ್ಕೆ ಬಂದರೆ, ಮಿಕ್ಸರಿನೊಳಗಿನ ಚಿಪ್‌ಗಳಿಗಿಂತ ಬಹಳ ಮೊದಲೇ ಸೋಲುವುದು ಅದರ ಸಾಕೆಟ್, ನಾಬ್ ಮತ್ತು ಫೇಡರ್‌ಗಳು (ಧ್ವನಿಮಟ್ಟ ಬದಲಿಸಲು ಮೇಲೆ ಕೆಳಗೆ ಸರಿಸುವ ಗುಂಡಿಗಳು). ಅಗ್ಗದ ಮಿಕ್ಸರುಗಳಲ್ಲಿ ಜ್ಯಾಕ್ ಮತ್ತು ಪೊಟೆನ್ಷಿಯೋಮೀಟರುಗಳಿಗೆ (ನಾಬ್ ತಿರುಗಿಸುವ ಒಳಭಾಗ) ಸರ್ಕ್ಯೂಟ್ ಬೋರ್ಡಿನ ಬೆಸುಗೆಯೇ ಏಕೈಕ ಆಧಾರವಾಗಿರುತ್ತದೆ. ಕೇಬಲನ್ನು ಎಳೆದಾಗಲೆಲ್ಲ ಆ ಬಲವೆಲ್ಲ ಬೆಸುಗೆಯ ಮೇಲೆ ಬಿದ್ದು ಕ್ರಮೇಣ ಅದು ಬಿರುಕು ಬಿಡುತ್ತದೆ, ಮತ್ತು ಶಬ್ದ ಒಮ್ಮೆ ಬಂದು ಒಮ್ಮೆ ಹೋಗುವ, ಪತ್ತೆಹಚ್ಚಲು ಕಷ್ಟವಾದ ದೋಷ ಹುಟ್ಟುವುದು ಹೀಗೆಯೇ. ಉತ್ತಮ ಮಿಕ್ಸರಿನಲ್ಲಿ ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್‌ಗಳನ್ನು ಲೋಹದ ಹೊರಕವಚಕ್ಕೆ ಸ್ಕ್ರೂಗಳಿಂದ ಬಿಗಿದಿರುತ್ತಾರೆ, ಜ್ಯಾಕ್‌ಗಳಿಗೂ ನಾಬ್‌ಗಳ ಬುಡಕ್ಕೂ ಲೋಹದ ನಟ್ ಇರುತ್ತದೆ. ಅಲೆನ್ ಅಂಡ್ ಹೀತ್ ಕಂಪನಿಯ ಜೆಡ್‌ಇಡಿ-14ರಲ್ಲಿ ಈ ನಟ್‌ಗಳ ಜೊತೆಗೆ ಒಂದೊಂದು ಚಾನೆಲ್‌ಗೂ ಪ್ರತ್ಯೇಕ ಬೋರ್ಡ್ ಇದೆ. ಒಂದು ಚಾನೆಲ್ ಕೆಟ್ಟರೆ ಅದರ ಬೋರ್ಡನ್ನಷ್ಟೇ ಹೊರತೆಗೆದು ಸರಿಪಡಿಸಬಹುದಾದ ಈ ರಚನೆಯನ್ನು ತಿರುಗಾಟದವರು ಪ್ರತಿಧ್ವನಿಯಂತಹ ಎಫೆಕ್ಟ್‌ಗಳ ಸಂಖ್ಯೆಗಿಂತ ಹೆಚ್ಚಾಗಿ ಬೆಲೆಗಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಗಡಿಯಲ್ಲಿ ಇದನ್ನು ಕೈಯಿಂದಲೇ ಪರೀಕ್ಷಿಸಬಹುದು. ನಾಬ್ ಹಿಡಿದು ಪಕ್ಕಕ್ಕೆ ಮೆಲ್ಲನೆ ಒತ್ತಿದಾಗ ಅದು ಓಲಾಡಬಾರದು. ಕೇಬಲ್ ಸಿಕ್ಕಿಸಿ ಅಲುಗಾಡಿಸಿದಾಗ ಸಾಕೆಟ್ ಕದಲಬಾರದು, ಹೆಡ್‌ಫೋನಿನಲ್ಲಿ ಚಿಟಪಟ ಸದ್ದೂ ಬರಬಾರದು. ಫೇಡರ್ ಕೆಳಗಿನಿಂದ ಮೇಲಿನವರೆಗೆ ಒಂದೇ ಬಿಗಿಯಲ್ಲಿ ಸರಿಯಬೇಕು.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಸಣ್ಣ ಮಿಕ್ಸರುಗಳಿಗೆ ಹೊರಗಿನ ಅಡಾಪ್ಟರ್ ಕೊಡುತ್ತಾರೆ. ಅದರ ತೆಳುವಾದ ತಂತಿ ಕಾಲಿಗೆ ಸಿಕ್ಕಿ ಕಿತ್ತರೆ ಹಳ್ಳಿಯಲ್ಲಿ ರಾತ್ರಿ ಬದಲಿ ಸಿಗುವುದಿಲ್ಲ. ಎಂಜಿ16ಎಕ್ಸ್‌ಯುವಿನಂತೆ ಪವರ್ ಸಪ್ಲೈ ಒಳಗೇ ಇದ್ದು, ಕಂಪ್ಯೂಟರಿಗೆ ಬಳಸುವಂತಹ ಸಾಮಾನ್ಯ ಪವರ್ ಕೇಬಲ್ ಸಾಕಾಗುವ ಮಿಕ್ಸರ್ ಮೇಲು. ಆದರೆ 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುವ ಸಪ್ಲೈ ಕೂಡ ಜನರೇಟರಿನ ಒಂದು ದೋಷದ ಮುಂದೆ ನಿಲ್ಲುವುದಿಲ್ಲ. ಮೂರು ಫೇಸಿನ ಜನರೇಟರಿನಲ್ಲಿ ನ್ಯೂಟ್ರಲ್ ತಂತಿ ಸಡಿಲಗೊಂಡರೆ, ಬೇರೆ ಫೇಸುಗಳಲ್ಲಿರುವ ದೀಪಗಳ ಹೊರೆಗೆ ಅನುಗುಣವಾಗಿ, ಧ್ವನಿಯ ಫೇಸಿನಲ್ಲಿ 230 ವೋಲ್ಟ್ ಇರಬೇಕಾದಲ್ಲಿ 400 ವೋಲ್ಟಿನ ಸಮೀಪಕ್ಕೂ ಒತ್ತಡ ಏರಬಹುದು, ಮತ್ತು ಆಗ ಅತ್ಯಂತ ದುಬಾರಿ ಮಿಕ್ಸರ್ ಕೂಡ ಸುಟ್ಟುಹೋಗುತ್ತದೆ. ಹಾಗಾಗಿ ಮಿಕ್ಸರಿನ ಬೆಲೆಯೊಂದಿಗೆ, ವೋಲ್ಟೇಜ್ ಮಿತಿ ಮೀರಿದಾಗ ತಾನೇ ಸಂಪರ್ಕ ಕಡಿಯುವ ರಕ್ಷಣಾ ಸಾಧನದ ಬೆಲೆಯನ್ನೂ ಆರಂಭದಲ್ಲೇ ಸೇರಿಸಿಕೊಳ್ಳಬೇಕು. ಪ್ರತಿ ಸಂಜೆ ಪ್ಲಗ್ ಹಾಕುವ ಮೊದಲು ಮಲ್ಟಿಮೀಟರಿನಿಂದ ವೋಲ್ಟೇಜ್ ಅಳೆಯುವ ರೂಢಿಯೂ ಇರಬೇಕು.

ಡಿಜಿಟಲ್ ಮಿಕ್ಸರ್ ಕೊಳ್ಳಬೇಕೇ ಎಂಬ ಪ್ರಶ್ನೆ ಈಗ ಎಲ್ಲೆಡೆ ಇದೆ. ಬೆರಿಂಜರ್ ಎಕ್ಸ್‌ಆರ್18ರಂತಹ, ಟ್ಯಾಬ್ಲೆಟ್ ಮೂಲಕ ನಿಯಂತ್ರಿಸುವ ಪೆಟ್ಟಿಗೆಯಲ್ಲಿ 16 ಮೈಕುಗಳಿಗೆ ಸ್ಥಳವಿದೆ, ಧೂಳು ಹಿಡಿಯುವ ಫೇಡರ್‌ಗಳೇ ಇಲ್ಲ, ಹಿಂದಿನ ರಾತ್ರಿಯ ಹೊಂದಾಣಿಕೆಯನ್ನು ಉಳಿಸಿಕೊಂಡು ಮರುದಿನ ತೆರೆಯಬಹುದು. ಇವು ನಿಜವಾದ ಅನುಕೂಲಗಳು. ಆದರೆ ವಿದ್ಯುತ್ ಕ್ಷಣಕಾಲ ಹೋದರೂ ಅದು ಮತ್ತೆ ಸಿದ್ಧವಾಗುವವರೆಗೆ ಭಾಗವತರ ಪದ ಕೇಳಿಸುವುದಿಲ್ಲ, ಆದ್ದರಿಂದ ಯುಪಿಎಸ್ ಕಡ್ಡಾಯ. ಸಾವಿರಾರು ಮೊಬೈಲುಗಳಿರುವ ಬಯಲಿನಲ್ಲಿ ಮಿಕ್ಸರಿನೊಳಗಿನ ವೈಫೈಯನ್ನು ನಂಬದೆ ಬೇರೆ ರೌಟರ್ ಇಡಬೇಕು, ಮತ್ತು ಕೆಟ್ಟರೆ ಸಾಮಾನ್ಯವಾಗಿ ನಗರದ ಸೇವಾಕೇಂದ್ರಕ್ಕೇ ಕಳುಹಿಸಬೇಕು. ಸಭಾಂಗಣದಲ್ಲಿ ಸ್ಥಿರವಾಗಿರುವ ವ್ಯವಸ್ಥೆಗೆ ಡಿಜಿಟಲ್ ಒಪ್ಪುತ್ತದೆ. ಪ್ರತಿದಿನ ಊರು ಬದಲಿಸುವ ತಂಡಕ್ಕೆ ಕುಂದಾಪುರದಲ್ಲೋ ಪುತ್ತೂರಿನಲ್ಲೋ ಇರುವ ಮೆಕ್ಯಾನಿಕ್ ಬಿಚ್ಚಿ ಸರಿಪಡಿಸಬಲ್ಲ ಅನಲಾಗ್ ಮಿಕ್ಸರನ್ನೇ ನಾನು ಸೂಚಿಸುತ್ತೇನೆ. ಕೊಳ್ಳುವ ಮುನ್ನ ಆ ಮೆಕ್ಯಾನಿಕನ್ನು ಒಮ್ಮೆ ಕಂಡು, ಯಾವ ಮಾದರಿಯ ಫೇಡರ್ ಮತ್ತು ಸಾಕೆಟ್‌ಗಳು ಅವರಿಗೆ ಸುಲಭವಾಗಿ ದೊರೆಯುತ್ತವೆ ಎಂದು ಕೇಳಿ ತಿಳಿಯುವುದು ಯಾವುದೇ ಜಾಹೀರಾತಿಗಿಂತ ಉಪಯುಕ್ತ.

ಹೆಸರಾಂತ ಕಂಪನಿಗಳ ಹೆಸರು ಅಂಟಿಸಿದ ನಕಲಿ ಮಿಕ್ಸರುಗಳೂ ಮಾರುಕಟ್ಟೆಯಲ್ಲಿವೆ. ಮೂಲ ಕಂಪನಿಯ ಜಾಲತಾಣದಲ್ಲಿರುವ ಚಿತ್ರದೊಂದಿಗೆ ಫಲಕವನ್ನು ಹೋಲಿಸಿ, ಅಧಿಕೃತ ಮಾರಾಟಗಾರರಿಂದ ಸೀರಿಯಲ್ ನಂಬರ್ ನಮೂದಿಸಿದ ಬಿಲ್ ಪಡೆಯಬೇಕು.

ಬಳಸಿದ ಮಿಕ್ಸರ್ ಕೊಳ್ಳುವವರು ಮಲ್ಟಿಮೀಟರ್ ಒಯ್ಯಬೇಕು. ಫ್ಯಾಂಟಮ್ ಪವರ್ (ಕೆಲವು ಮೈಕುಗಳಿಗೆ ಮಿಕ್ಸರ್ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಚಾಲೂ ಮಾಡಿ, ಪ್ರತಿ ಎಕ್ಸ್‌ಎಲ್‌ಆರ್ ಸಾಕೆಟ್ಟಿನ ಒಂದನೇ ಪಿನ್‌ಗೂ ಎರಡನೆಯದಕ್ಕೂ, ಮತ್ತೆ ಒಂದನೆಯದಕ್ಕೂ ಮೂರನೆಯದಕ್ಕೂ ನಡುವೆ ಅಳೆದರೆ ಎರಡೂ ಕಡೆ 48 ವೋಲ್ಟಿನ ಆಸುಪಾಸು ಬರಬೇಕು. ಎರಡು ಅಳತೆಗಳಲ್ಲಿ ಎದ್ದುಕಾಣುವ ವ್ಯತ್ಯಾಸವಿದ್ದರೆ ಆ ಚಾನೆಲ್‌ನ ಬಿಡಿಭಾಗ ಕೆಟ್ಟಿರುವ ಸಾಧ್ಯತೆ ಹೆಚ್ಚು. ನಂತರ ಮೈಕ್ ಜೋಡಿಸದೆ ಗೇನ್ ಏರಿಸಿ ಪ್ರತಿ ಚಾನೆಲ್ಲಿನ ಹಿಸ್ ಸದ್ದನ್ನು ಹೋಲಿಸಿ ಕೇಳಬೇಕು. ಕೊನೆಗೆ ಒಂದು ಗಂಟೆ ಚಾಲೂ ಇಟ್ಟು, ಬಿಸಿಯಾದ ಮೇಲೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಬೆಸುಗೆಯ ಬಿರುಕುಗಳು ಹಲವು ಬಾರಿ ಆಗಲೇ ಬಯಲಾಗುತ್ತವೆ.