ಹಳೆಯ ಸಮಾಧಿ ಕಲ್ಲು ಓದಲು ಬ್ರಷ್ ಬೇಡ, ಕನ್ನಡಿ ಹಿಡಿಯಿರಿ

ಅಮೆರಿಕದ ಒಹಾಯೊ ರಾಜ್ಯದ ಜಾಕ್ಸನ್ ಮತ್ತು ಗ್ಯಾಲಿಯಾ ಕೌಂಟಿಗಳ ಹಳ್ಳಿ ಸ್ಮಶಾನಗಳಿಗೆ ಬೇಸಿಗೆಯಲ್ಲಿ ಜನ ಬರುತ್ತಾರೆ. ಮುತ್ತಾತನನ್ನೋ ಮುತ್ತಜ್ಜಿಯನ್ನೋ ಹುಡುಕಿಕೊಂಡು ಬಂದವರು. ಕಲ್ಲು ಮಸುಕಾಗಿದೆ ಅನ್ನಿಸಿದ ಕೂಡಲೇ ಕಾರಿನಿಂದ ತಂತಿ ಬ್ರಷ್ ಹೊರಗೆ ಬರುತ್ತದೆ. ಇಲ್ಲದಿದ್ದರೆ ಶೇವಿಂಗ್ ಫೋಮ್. ಉಜ್ಜಿ, ಹೆಸರು ಓದಿ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಉಜ್ಜಿದ ಕಡೆ ಅಕ್ಷರದ ಅಂಚು ಪುಡಿಯಾಗಿ ಹುಲ್ಲಿನ ಮೇಲೆ ಬಿದ್ದಿರುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಭಾಗಕ್ಕೆ 'ಲಿಟಲ್ ಕಾರ್ಡಿಗನ್‌ಶೈರ್' ಎಂಬ ಹೆಸರೇ ಇದೆ. 1818ರಲ್ಲಿ ವೇಲ್ಸ್‌ನ ಕಾರ್ಡಿಗನ್‌ಶೈರ್‌ನ ಕಿಲ್ಕೆನ್ನಿನ್ ಎಂಬ ಊರಿನ ಆರು ಕುಟುಂಬಗಳು ಒಹಾಯೊ ನದಿಯಲ್ಲಿ ದೋಣಿ ಹತ್ತಿ ಹೊರಟಿದ್ದವು. ಹೋಗಬೇಕಾಗಿದ್ದದ್ದು ಇನ್ನೂ ಪಶ್ಚಿಮಕ್ಕೆ. ಗ್ಯಾಲಿಪೊಲಿಸ್ ಹತ್ತಿರ ಇಳಿದವರು ಅಲ್ಲೇ ನಿಂತುಬಿಟ್ಟರು. 1830ರ ದಶಕದ ನಡುವಿನಿಂದ ಅವರ ಊರಿನವರು ಸಾಲುಸಾಲಾಗಿ ಬಂದರು. ಚಾಪೆಲ್ ಎಂಬ ಸಣ್ಣ ಚರ್ಚುಗಳನ್ನು ಕಟ್ಟಿದರು, ಕಬ್ಬಿಣದ ಕುಲುಮೆ ನಡೆಸಿದರು. 1854ರಲ್ಲಿ ಶುರುವಾದ ಜೆಫರ್ಸನ್ ಫರ್ನೇಸ್ ಭಾನುವಾರ ಕೆಲಸ ನಿಲ್ಲಿಸುತ್ತಿತ್ತು, ಅಷ್ಟು ದೈವಭಕ್ತರು. ಸತ್ತವರ ಕಲ್ಲಿನ ಮೇಲೂ ತಮ್ಮ ವೆಲ್ಶ್ ಭಾಷೆಯನ್ನೇ ಕೆತ್ತಿಸಿದರು.

ಕಲ್ಲು ಯಾಕೆ ಮುಖ್ಯ ಅಂದರೆ, ಒಹಾಯೊದ ಕೌಂಟಿಗಳು ಸಾವುಗಳನ್ನು ಕ್ರಮವಾಗಿ ಬರೆದಿಡಲು ಶುರು ಮಾಡಿದ್ದು 1867ರಲ್ಲಿ. ರಾಜ್ಯದ ಮರಣ ಪ್ರಮಾಣಪತ್ರ ಬಂದಿದ್ದು 1908ರ ಡಿಸೆಂಬರ್‌ನಿಂದ. ಅದಕ್ಕಿಂತ ಮೊದಲು ತೀರಿಕೊಂಡ ಎಷ್ಟೋ ಜನರಿಗೆ ಈ ಕಲ್ಲೇ ದಾಖಲೆ, ಬೇರೆ ಪ್ರತಿ ಇಲ್ಲ. ಇಲ್ಲಿನ ಕನ್ನಡ ಮನೆಗಳಿಗೂ ಈಗ ಈ ಕಡೆಯ ಸೊಸೆಯೋ ಅಳಿಯನೋ ಬಂದಿರುವುದುಂಟು. ಮೊಮ್ಮಕ್ಕಳ ವಂಶವೃಕ್ಷದ ಅರ್ಧ ಭಾಗ ಈ ಹುಲ್ಲಿನಲ್ಲಿ ನಿಂತಿದೆ. ಕೊಲಂಬಸ್‌ನಿಂದ ಓಕ್ ಹಿಲ್‌ಗೆ ಕಾರಿನಲ್ಲಿ ಎರಡು ಗಂಟೆ ಸಾಕು. ಹೋಗುವ ಮುಂಚೆ ಇದನ್ನು ಓದಿಕೊಳ್ಳಿ.

1. ಅನುಮತಿ ಕೇಳಿ

ಹಳ್ಳಿ ಸ್ಮಶಾನ ಟೌನ್‌ಶಿಪ್ (ನಮ್ಮ ಪಂಚಾಯಿತಿಯಂಥದ್ದು) ಟ್ರಸ್ಟಿಗಳ ಕೈಯಲ್ಲಿರುತ್ತದೆ, ಇಲ್ಲವೇ ಚಾಪೆಲ್‌ನವರ ಕೈಯಲ್ಲಿ. ಒಂದು ಫೋನ್ ಮಾಡಿದರೆ ಮುಗಿಯಿತು.

2. ಏನು ಒಯ್ಯಬೇಕು

ಬಾಗಿಲ ಹಿಂದೆ ನೇತುಹಾಕುವ ಉದ್ದನೆಯ ಕನ್ನಡಿ, ಗಾಜಿನದ್ದಕ್ಕಿಂತ ಅಕ್ರಿಲಿಕ್‌ನದ್ದು ಒಳ್ಳೆಯದು. ಪೆನ್ಸಿಲ್, ಚೌಕಳಿ ಹಾಳೆಯ ನೋಟ್‌ಬುಕ್, ಕ್ಯಾಮೆರಾ, ಟಾರ್ಚ್, ಕುಡಿಯುವ ನೀರು. ಉದ್ದ ಪ್ಯಾಂಟು, ಮೇಲೆಳೆದ ಸಾಕ್ಸ್. ಹುಲ್ಲಿನಲ್ಲಿ ಟಿಕ್ ಎನ್ನುವ ಉಣ್ಣೆಗಳಿರುತ್ತವೆ, ಬೇಲಿಯ ಬಳಿ ತಗುಲಿದರೆ ಮೈ ತುರಿಸುವ ಪಾಯ್ಸನ್ ಐವಿ ಬಳ್ಳಿ. ಜೊತೆಗೆ ಒಬ್ಬರು ಬರಲಿ. ಕನ್ನಡಿ ಹಿಡಿಯುವವರು ಬೇರೆ, ಓದುವವರು ಬೇರೆ ಆಗಲೇಬೇಕು.

ಆನ್‌ಲೈನ್‌ನಲ್ಲಿ 'ಸಮಾಧಿ ಸ್ವಚ್ಛತಾ ಕಿಟ್' ಎಂದು ಮಾರುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಅದರಲ್ಲಿ ಬರುವ ಬ್ರಷ್ ಹೆಚ್ಚಾಗಿ ಬಿರುಸಾಗಿರುತ್ತದೆ, ದ್ರಾವಣದಲ್ಲಿ ಏನಿದೆ ಅಂತ ಬಾಟಲಿಯ ಮೇಲೆ ಸರಿಯಾಗಿ ಬರೆದಿರುವುದಿಲ್ಲ.

3. ಕಲ್ಲು ಯಾವುದು ಅಂತ ನೋಡಿ

ಇಲ್ಲಿನ ಹಳೆಯ ಕಲ್ಲುಗಳಲ್ಲಿ ಸ್ಥಳೀಯ ಮರಳುಗಲ್ಲು ಜಾಸ್ತಿ. ಅದು ಪದರ ಪದರವಾಗಿ ಏಳುತ್ತದೆ. ಅಕ್ಷರ ಚೆನ್ನಾಗಿಯೇ ಕಾಣುತ್ತಿದ್ದರೂ ಹಿಂದೆ ಪದರ ಬಿಟ್ಟುಕೊಂಡಿರಬಹುದು, ಒಂದು ಬ್ರಷ್ ತಗುಲಿದರೆ ಇಡೀ ಹೆಸರೇ ಚಕ್ಕೆಯಾಗಿ ಬೀಳುತ್ತದೆ. ಆಮೇಲೆ ಬಂದದ್ದು ಬಿಳಿ ಅಮೃತಶಿಲೆ. ಅದು ಮಳೆಗೆ ಕರಗುತ್ತದೆ, ಬೆರಳಿಟ್ಟರೆ ಸಕ್ಕರೆಯಂತೆ ಉದುರುತ್ತದೆ. ನೀಲಿ ಮಿಶ್ರಿತ ಬೂದು ಬಣ್ಣದ, ಅಕ್ಷರ ನಿನ್ನೆ ಕೆತ್ತಿದ ಹಾಗಿರುವ ಗುರುತು ಕಂಡರೆ ಅದು ಕಲ್ಲಲ್ಲ, ಸತುವಿನ ಎರಕ. ಅದನ್ನು ಓದಲು ಯಾವ ಕಷ್ಟವೂ ಇಲ್ಲ. ಗ್ರಾನೈಟ್ ಕೂಡ ಹಾಗೆಯೇ.

ವಾಲಿರುವ ಕಲ್ಲಿಗೆ ಒರಗಬೇಡಿ, ನೆಟ್ಟಗೆ ಮಾಡಲೂ ಹೋಗಬೇಡಿ. ಹತ್ತಿರ ಮಕ್ಕಳನ್ನು ಬಿಡಲೇಬೇಡಿ, ಕಲ್ಲು ಉರುಳಿ ಪ್ರಾಣ ಹೋದದ್ದುಂಟು.

ತೊಳೆಯುವ ಮಾತಿಗೆ ಬಂದರೆ, ನನ್ನ ಸಲಹೆ ತೊಳೆಯಬೇಡಿ ಅಂತಲೇ. ಶೇವಿಂಗ್ ಫೋಮ್‌ನಲ್ಲಿ ಆಮ್ಲ ಇರುತ್ತದೆ, ಕಲ್ಲಿನ ಸಣ್ಣ ರಂಧ್ರಗಳಿಂದ ಪೂರ್ತಿ ಹೊರಗೆ ಬರುವುದಿಲ್ಲ. ಬ್ಲೀಚ್ ಉಪ್ಪು ಬಿಡುತ್ತದೆ, ಆ ಉಪ್ಪು ಒಳಗೇ ಹರಳುಗಟ್ಟಿ ಕಲ್ಲನ್ನು ಒಡೆಯುತ್ತದೆ. ಸೀಮೆಸುಣ್ಣ, ಮೈದಾ, ಟಾಯ್ಲೆಟ್ ಕ್ಲೀನರ್, ಪ್ರೆಷರ್ ವಾಷರ್ ಯಾವುದೂ ಬೇಡ. ಹಾಳೆ ಇಟ್ಟು ಪೆನ್ಸಿಲ್ ಉಜ್ಜುವುದೂ ಬೇಡ. ಗಟ್ಟಿಯಾಗಿರುವ ಅಮೃತಶಿಲೆಯ ಮೇಲೆ ಪಾಚಿ ಕಟ್ಟಿದ್ದರೆ, ಟ್ರಸ್ಟಿಗಳು ಒಪ್ಪಿದರೆ, ಬರೀ ನೀರು ಮತ್ತು ಮೆತ್ತನೆ ನೈಲಾನ್ ಬ್ರಷ್, ಕೆಳಗಿನಿಂದ ಮೇಲಕ್ಕೆ. ಡಿ-2 ಎಂಬ ದ್ರಾವಣವನ್ನು ಅಮೆರಿಕದ ರಾಷ್ಟ್ರೀಯ ಸ್ಮಶಾನಗಳಲ್ಲೇ ಬಳಸುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಓದುವುದಕ್ಕೆ ಇದ್ಯಾವುದೂ ಬೇಕಾಗಿಲ್ಲ.

4. ಓರೆ ಬೆಳಕು ಬಿಡಿ

ಇದೇ ಕೆಲಸದ ಜೀವ. ಅವಸರ ಮಾಡಬೇಡಿ.

ಎದುರಿನಿಂದ ಬಿದ್ದ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಪಕ್ಕದಿಂದ ಹೋಗಬೇಕು. ಆಗ ಕೂದಲೆಳೆಯಷ್ಟು ಆಳದ ಗೀರಿಗೂ ಒಂದು ನೆರಳು ಬರುತ್ತದೆ. ನಾವು ಓದುವುದು ಆ ನೆರಳನ್ನು.

ಹೆಚ್ಚಿನ ಕಲ್ಲುಗಳ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರುತ್ತದೆ. ಹಾಗಾಗಿ ನಡುಹಗಲಿನ ಆಸುಪಾಸಿನಲ್ಲಿ ಸೂರ್ಯನೇ ಈ ಕೆಲಸ ಮಾಡಿಕೊಡುತ್ತಾನೆ. ಬೆಳಿಗ್ಗೆ ಎಂಟಕ್ಕೇ ಹೋಗಿ, ಏನೂ ಕಾಣಲಿಲ್ಲ ಅಂತ ವಾಪಸ್ ಬರುವವರನ್ನು ನೋಡಿದ್ದೇನೆ. ಉತ್ತರಕ್ಕೆ ಮುಖ ಮಾಡಿದ ಕಲ್ಲು, ಮರದ ನೆರಳಿನ ಕಲ್ಲು ಇದ್ದರೆ ಕನ್ನಡಿ ಬೇಕೇ ಬೇಕು.

ಕನ್ನಡಿ ಹಿಡಿದವರು ಬಿಸಿಲಿನಲ್ಲಿ, ಕಲ್ಲಿನ ಪಕ್ಕಕ್ಕೆ, ಹತ್ತು ಹದಿನೈದು ಅಡಿ ದೂರ ನಿಲ್ಲಬೇಕು. ಬೆಳಕನ್ನು ಕಲ್ಲಿನ ಅಂಚಿಗೆ ತಂದು, ನಿಧಾನವಾಗಿ ಮುಖದ ಮೇಲೆ ಹಾಯಿಸಬೇಕು. ಕನ್ನಡಿಯನ್ನು ಒಂದಿಷ್ಟೇ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಓದುವವರು 'ಅಲ್ಲೇ ಇರಲಿ' ಅಂದ ಕೂಡಲೇ ಅಲುಗಾಡದೆ ನಿಲ್ಲಬೇಕು. ರಸ್ತೆಯ ಕಡೆಗೆ ಬೆಳಕು ಹಾಯದಂತೆ ನೋಡಿಕೊಳ್ಳಿ.

ಇಲ್ಲಿ ಬಹಳ ಜನ ಬಿಟ್ಟುಬಿಡುವ ಸಂಗತಿ ಒಂದಿದೆ. ಪಕ್ಕದ ಬೆಳಕಿನಲ್ಲಿ ನಿಂತ ಗೆರೆಗಳು ಮಾತ್ರ ಎದ್ದು ಕಾಣುತ್ತವೆ. ಮಲಗಿದ ಗೆರೆಗಳಿಗೆ ನೆರಳೇ ಬೀಳುವುದಿಲ್ಲ. 7ರ ತಲೆಯ ಮೇಲಿನ ಅಡ್ಡಗೆರೆ ಮಾಯವಾಗಿ ಅದು 1 ಆಗುತ್ತದೆ. ಆದ್ದರಿಂದ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಆಮೇಲೆ ಮೇಲಿನಿಂದ ಒಮ್ಮೆ ಬೆಳಕು ಬಿಡಲೇಬೇಕು. ಮೇಲಿನ ಬೆಳಕಿಗೆ ಟಾರ್ಚ್ ಸಾಕು, ಕಲ್ಲಿಗೆ ಛತ್ರಿ ಮರೆ ಮಾಡಿ ಟಾರ್ಚನ್ನು ಕಲ್ಲಿನ ನೆತ್ತಿಯಿಂದ ಕೆಳಮುಖವಾಗಿ ಹಿಡಿಯಿರಿ. ಮೂರೂ ಬೆಳಕಿನಲ್ಲಿ ಮೂರು ಫೋಟೊ ತೆಗೆಯಿರಿ. ಕ್ಯಾಮೆರಾ ಕದಲಿಸಬೇಡಿ, ಬೆಳಕನ್ನು ಮಾತ್ರ ಬದಲಿಸಿ. ಫ್ಲಾಶ್ ಬೇಡ.

ಕಲ್ಲಿನ ಬುಡವನ್ನೂ ನೋಡಿ. ವೆಲ್ಶ್ ಕಲ್ಲುಗಳಲ್ಲಿ ಕೊನೆಗೆ 'ಎಂಗ್ಲಿನ್' ಎಂಬ ನಾಲ್ಕು ಸಾಲಿನ ಪದ್ಯ ಕೆತ್ತಿಸುವ ರೂಢಿ ಇತ್ತು. ನಾಲ್ಕೂ ಸಾಲು ಸೇರಿ 30 ಉಚ್ಚಾರಾಂಶ, ಪ್ರಾಸದ ಕಟ್ಟುನಿಟ್ಟು ನಮ್ಮ ಹಳೆಗನ್ನಡ ಕವಿಗಳೂ ಮೆಚ್ಚುವಂಥದ್ದು. ಅದು ಹುಲ್ಲಿನಲ್ಲಿ ಮುಚ್ಚಿರುತ್ತದೆ. ಹುಲ್ಲನ್ನು ಕೈಯಿಂದ ಸರಿಸಿ, ಅಗೆಯಬೇಡಿ.

5. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ

ಅರ್ಥ ಹುಡುಕುವ ಕೆಲಸ ಮನೆಯಲ್ಲಿ. ಕಲ್ಲಿನ ಮುಂದೆ ಅಕ್ಷರ ಮಾತ್ರ. ಒಂದು ಚೌಕಕ್ಕೆ ಒಂದು ಅಕ್ಷರ, ಕಲ್ಲಿನಲ್ಲಿ ಸಾಲು ಮುರಿದಲ್ಲೇ ನಿಮ್ಮ ಸಾಲೂ ಮುರಿಯಲಿ. ಕಾಣದ ಅಕ್ಷರಕ್ಕೆ ಚುಕ್ಕಿ, ಅನುಮಾನ ಇದ್ದದ್ದಕ್ಕೆ ಚೌಕ ಆವರಣ. ಕಾಗುಣಿತ ತಿದ್ದಬೇಡಿ. ಫೋನ್ ಅನುವಾದದ ಆ್ಯಪ್ ಅಂತೂ ಬೇಡವೇ ಬೇಡ. ಅರ್ಧ ಸವೆದ ಪದ ಕೊಟ್ಟರೆ ಅದು ತನಗೆ ತೋಚಿದ ಪೂರ್ತಿ ಪದ ಕೊಡುತ್ತದೆ, ಆಮೇಲೆ ನಿಮ್ಮ ಕಣ್ಣಿಗೂ ಅದೇ ಕಾಣುತ್ತದೆ.

ಆದರೂ ಕೆಲವು ಪದ ಗೊತ್ತಿದ್ದರೆ ಕಣ್ಣಿಗೆ ದಾರಿ ಸಿಗುತ್ತದೆ. ಮೊದಲ ಸಾಲು ಹೆಚ್ಚಾಗಿ 'ಎರ್ ಕೋವ್ ಅಮ್', ಅಂದರೆ ಇಂಥವರ ನೆನಪಿಗೆ. ಕೆತ್ತಿರುವುದು ಸಿ-ಓ-ಎಫ್, ವೆಲ್ಶ್‌ನಲ್ಲಿ ಒಂದೇ ಎಫ್ ಇದ್ದರೆ ಅದು ವ್. 'ಹೆವಿದ್' ಅಂದರೆ 'ಮತ್ತು ಇವರೂ', ಅಲ್ಲಿಂದ ಇನ್ನೊಬ್ಬರ ವಿವರ ಶುರು. ಮೇಲಿನವರ ತಾರೀಖನ್ನು ಕೆಳಗಿನವರಿಗೆ ಹಚ್ಚಿಬಿಡಬೇಡಿ. ಸತ್ತ ವಿಷಯ ಹೇಳುವ ಸಾಲಿನಲ್ಲಿ ಎಚ್-ಡಬ್ಲ್ಯು-ಎನ್ ಇದ್ದರೆ ಗಂಡಸು, ಎಚ್-ಓ-ಎನ್ ಇದ್ದರೆ ಹೆಂಗಸು. ಹೆಸರು ಪೂರ್ತಿ ಅಳಿಸಿಹೋದ ಕಲ್ಲಿನಲ್ಲೂ ಈ ಒಂದು ಅಕ್ಷರ ಉಳಿದಿದ್ದರೆ ಅಷ್ಟಾದರೂ ತಿಳಿಯುತ್ತದೆ.

ವೆಲ್ಶ್‌ನಲ್ಲಿ ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ಸುಸ್ತಾಗುತ್ತಾರೆ. ನಮಗೆ ಇದು ಹೊಸದಲ್ಲ, ಹೈಸ್ಕೂಲಿನ ಆದೇಶ ಸಂಧಿಯೇ. ಮಳೆಕಾಲ ಮಳೆಗಾಲ ಆದ ಹಾಗೆ, ಬೆಟ್ಟತಾವರೆ ಬೆಟ್ಟದಾವರೆ ಆದ ಹಾಗೆ, ಅಲ್ಲೂ ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ ಬರುತ್ತದೆ. 'ತ್ರೆಗರೋನ್' ಊರಿನವರು ಅನ್ನಬೇಕಾದರೆ ಕಲ್ಲಿನಲ್ಲಿ 'ಓ ದ್ರೆಗರೋನ್' ಅಂತ ಇರುತ್ತದೆ. ಡಿ ಅಕ್ಷರದಲ್ಲಿ ಆ ಊರನ್ನು ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಸಿಗದು. ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶ, ಎನ್ನುವ 'ಪ್ಲೂಯ್ವ್' ಪದ 'ಬ್ಲೂಯ್ವ್' ಆಗಿರುತ್ತದೆ. ಹೆಂಡತಿ ಎನ್ನುವ ಪದದ ಜಿ ಪೂರ್ತಿ ಬಿದ್ದುಹೋಗುವುದೂ ಉಂಟು. ಹುಡುಕುವಾಗ ಸಂಧಿ ಬಿಡಿಸಿ ಹುಡುಕಿ. ನೋಟ್‌ಬುಕ್ಕಿನಲ್ಲಿ ಮಾತ್ರ ಕಲ್ಲಿನ ರೂಪವೇ ಇರಲಿ.

ಊರಿನ ಸಾಲಿನ ಕೊನೆಯಲ್ಲಿ ಡಿ.ಸಿ. ಅಂತ ಕಂಡರೆ ವಾಷಿಂಗ್ಟನ್ ಅಂದುಕೊಳ್ಳಬೇಡಿ. ಅದು ದಕ್ಷಿಣ ವೇಲ್ಸ್. ಜಿ.ಸಿ. ಅಂದರೆ ಉತ್ತರ ವೇಲ್ಸ್. ಇಡೀ ಕಲ್ಲಿನಲ್ಲಿ ಬೆಲೆ ಜಾಸ್ತಿ ಇರುವುದು ಈ ಸಾಲಿಗೇ, ಯಾಕೆಂದರೆ ಹೆಸರುಗಳೆಲ್ಲ ಒಂದೇ. ಜೋನ್ಸ್, ಡೇವೀಸ್, ಇವಾನ್ಸ್, ಜೆಂಕಿನ್ಸ್, ಮತ್ತೆ ಜೋನ್ಸ್. ಹಳೆಯ ತಲೆಮಾರಿನಲ್ಲಿ ಅಪ್ಪನ ಹೆಸರೇ ಮಗನ ಕೊನೆಯ ಹೆಸರಾಗುತ್ತಿತ್ತು. ಅಪ್ಪ ಡೇವಿಡ್ ಆದರೆ ಮಗ ಡೇವೀಸ್, ಅಪ್ಪ ಜಾನ್ ಆದರೆ ಜೋನ್ಸ್. ಸರ್‌ನೇಮ್ ನಂಬಿಕೊಂಡು ಹಿಂದೆ ಹೋದರೆ ದಾರಿ ತಪ್ಪುತ್ತದೆ, ಊರು ನಂಬಿದರೆ ತಪ್ಪುವುದಿಲ್ಲ.

6. ತಿಂಗಳನ್ನು ಎರಡು ಸಲ ನೋಡಿ

ಜಾಸ್ತಿ ತಪ್ಪಾಗುವುದು ಇಲ್ಲೇ. ವೆಲ್ಶ್‌ನಲ್ಲಿ ನಾಲ್ಕು ತಿಂಗಳು ಎಂ ಅಕ್ಷರದಿಂದ ಶುರುವಾಗುತ್ತವೆ. ಎಂ-ಎ-ಡಬ್ಲ್ಯು ಮಾರ್ಚ್, ಎಂ-ಎ-ಐ ಮೇ, ಎಂ-ಇ-ಎಚ್ ಜೂನ್, ಎಂ-ಇ-ಡಿ ಸೆಪ್ಟೆಂಬರ್. ಸವೆದ ಕಲ್ಲಿನಲ್ಲಿ ಎಚ್ ಮತ್ತು ಡಿ ನಡುವಿನ ವ್ಯತ್ಯಾಸ ಬರೀ ಮಲಗಿದ ಗೆರೆಗಳದ್ದು. ಮೇಲಿನಿಂದ ಬೆಳಕು ಬಿಡಿ ಅಂದದ್ದು ಇದಕ್ಕೇ. ಎಚ್‌ಗೆ ನಡುವೆ ಒಂದೇ ಅಡ್ಡಗೆರೆ, ಡಿಗೆ ಮೇಲೂ ಕೆಳಗೂ. ಉಳಿದವುಗಳಲ್ಲಿ ಐ-ಓ-ಎನ್ ಜನವರಿ, ಅದನ್ನು ಜಾನ್ ಎಂಬ ಹೆಸರೆಂದು ಓದುವವರಿದ್ದಾರೆ. ಜಿ-ಓ-ಆರ್ ಜುಲೈ, ಎಚ್-ವೈ-ಡಿ ಅಕ್ಟೋಬರ್, ಆರ್-ಎಚ್-ಎ ಡಿಸೆಂಬರ್.

ಬೆಳಕಿನಲ್ಲೂ ತೀರ್ಮಾನ ಆಗದಿದ್ದರೆ ಲೆಕ್ಕ ಹಾಕಿ. ಕಲ್ಲುಗಳಲ್ಲಿ ಹುಟ್ಟಿದ ದಿನದ ಬದಲು ವಯಸ್ಸು ಕೆತ್ತಿರುತ್ತಾರೆ, ವರ್ಷ, ತಿಂಗಳು, ದಿನ ಸಮೇತ. ಸತ್ತದ್ದು 1861, ಎಂ-ಇ-ಏನೋ ತಿಂಗಳ 14, ವಯಸ್ಸು 72 ವರ್ಷ 3 ತಿಂಗಳು 20 ದಿನ ಅಂತಿಟ್ಟುಕೊಳ್ಳಿ. ಜೂನ್ ಆದರೆ ಹುಟ್ಟಿದ್ದು 1789ರ ಫೆಬ್ರವರಿ 22. ಸೆಪ್ಟೆಂಬರ್ ಆದರೆ ಮೇ 25. ಈಗ ಆ ಊರಿನ ಚರ್ಚಿನ ಪುಸ್ತಕದಲ್ಲಿ ಮಗುವಿನ ಬ್ಯಾಪ್ಟಿಸಮ್ ಮಾರ್ಚ್‌ನಲ್ಲಿ ಆಗಿದ್ದರೆ ಮೇ ತಿಂಗಳು ತಾನಾಗಿಯೇ ಬಿದ್ದುಹೋಯಿತು. ಕಲ್ಲಿನಲ್ಲಿ ಅಳಿಸಿದ ಅಕ್ಷರ ಸಮುದ್ರದಾಚೆಯ ಪುಸ್ತಕದಲ್ಲಿ ಸಿಕ್ಕಿತು.

7. ಮನೆಗೆ ಬಂದ ಮೇಲೆ

ಮೊದಲು ಮೈಮೇಲೆ ಉಣ್ಣೆ ಇದೆಯಾ ನೋಡಿಕೊಳ್ಳಿ. ಆಮೇಲೆ ಹುಡುಕಾಟ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾಗಿದ್ದು 1837ರ ಜುಲೈನಲ್ಲಿ. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಪ್ಯಾರಿಷ್ ಮತ್ತು ಚಾಪೆಲ್ ಪುಸ್ತಕಗಳೇ ಗತಿ. ಅಬೆರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಿಂದ ಶುರು ಮಾಡಿ. ಅವರು ಹಳೆಯ ವೆಲ್ಶ್ ಪತ್ರಿಕೆಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಓದಲು ಬಿಟ್ಟಿದ್ದಾರೆ. ಅಮೆರಿಕದ ವೆಲ್ಶ್ ಜನರಿಗೆ 1851ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ 'ಅ ದ್ರಿಖ್' ಪತ್ರಿಕೆಯಿತ್ತು. ಅದರ ಮರಣ ವಾರ್ತೆಗಳಲ್ಲಿ ಊರು, ಚಾಪೆಲ್, ಬಂದ ವರ್ಷ ಎಲ್ಲ ಸಿಗುವುದುಂಟು.

ನಿಮ್ಮ ಪ್ರತಿಯನ್ನು ಟೌನ್‌ಶಿಪ್‌ಗೆ ಒಂದು, ಓಕ್ ಹಿಲ್‌ನ ವೆಲ್ಶ್ ಮ್ಯೂಸಿಯಂಗೆ ಒಂದು ಕೊಡಿ. ಸಮಾಧಿಗಳ ವಿವರ ಸೇರಿಸುವ 'ಫೈಂಡ್ ಎ ಗ್ರೇವ್' ವೆಬ್‌ಸೈಟಿನಲ್ಲಿ ಹಾಕುವುದಾದರೆ ಬರೀ ಹೆಸರು ತಾರೀಖು ಹಾಕಿ ಬಿಡಬೇಡಿ. ಮೂರೂ ಬೆಳಕಿನ ಫೋಟೊ, ವೆಲ್ಶ್ ಸಾಲುಗಳು ಇದ್ದ ಹಾಗೆ, ಆಮೇಲೆ ಅರ್ಥ. ಅನುಮಾನದ ಅಕ್ಷರದ ಸುತ್ತ ಆವರಣ ಹಾಗೇ ಇರಲಿ. ಅಲ್ಲಿ ಈಗಾಗಲೇ ತಪ್ಪು ತಾರೀಖು ಇದ್ದರೆ ತಿದ್ದುಪಡಿ ಕಳಿಸಿ, ಜೊತೆಗೆ ಮೇಲಿನಿಂದ ಬೆಳಕು ಬಿಟ್ಟು ತೆಗೆದ ಫೋಟೊ ಸೇರಿಸಿ. ಆ ಪುಟ ನೋಡಿಕೊಳ್ಳುವವರು ಫೋಟೊ ಕಂಡರೆ ಬೇಗ ಒಪ್ಪುತ್ತಾರೆ.