ಉದ್ಯಾನದ ಬೀಗದ ಕೈ ಯಾರ ಬಳಿ ಇರಬೇಕು?

ಶಿರಸಿಯ ನಮ್ಮ ಬಡಾವಣೆಯ ಉದ್ಯಾನದ ಬಗ್ಗೆ ನಗರಸಭೆಯವರೂ ನಿವಾಸಿಗಳೂ ಸಭೆ ಸೇರಿದಾಗ, ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ನಡಾವಳಿ ಬರೆದವನು ನಾನು. ಕಾರ್ಯಸೂಚಿಯಲ್ಲಿ ಇದ್ದದ್ದು ಇಂಟರ್‌ಲಾಕ್ ಕಾಲುದಾರಿ, ವ್ಯಾಯಾಮದ ಸಲಕರಣೆ. ಜಗಳ ನಡೆದದ್ದು ಮಾತ್ರ ಗೇಟಿನ ಬೀಗದ ಕೈಗಾಗಿ.

‘ನಿರ್ವಹಣೆ ಪೂರ್ತಿ ನಮಗೇ ಬಿಡಿ, ಸಂಜೆಯಾಗುತ್ತಲೇ ಬೀಗ ಹಾಕುತ್ತೇವೆ’ ಎಂದು ನಮ್ಮವರು ಪಟ್ಟು ಹಿಡಿದರು. ಹೊರಗಿನ ಹುಡುಗರು ಬಂದು ಕೂರುತ್ತಾರೆಂಬ ಸಿಟ್ಟು ಅದರ ಹಿಂದಿತ್ತು. ನಾನು ನಮ್ಮವರ ವಿರುದ್ಧವೇ ಮಾತನಾಡಬೇಕಾಯಿತು. ಸಂವಿಧಾನದ 12ನೇ ಅನುಸೂಚಿ ಉದ್ಯಾನ, ಆಟದ ಮೈದಾನಗಳನ್ನು ನಗರಾಡಳಿತದ ಕೆಲಸಗಳ ಪಟ್ಟಿಗೆ ಸೇರಿಸಿದೆ. ನಾವು ಕೆಲಸಕ್ಕೆ ಹೆಗಲು ಕೊಡಬಹುದು, ಜಾಗ ಊರಿನದು. ವಾರ್ಡಿನ ಕೆಲಸ ನೋಡಿಕೊಳ್ಳುವ ವಾರ್ಡ್ ಸಮಿತಿ ಸಂವಿಧಾನದ ಪ್ರಕಾರ ಕಡ್ಡಾಯವಾಗಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಅದಕ್ಕಿಂತ ಸಣ್ಣದಾದ ನಮ್ಮಂಥ ಊರಿನಲ್ಲಿ ಇಂಥ ಸಭೆಯನ್ನು ಅರ್ಜಿ ಕೊಟ್ಟೇ ಕರೆಸಬೇಕು.

ಮುಂದಿನ ಸಭೆಯನ್ನು ಜುಲೈ ಮಳೆಯಲ್ಲಿ, ಉದ್ಯಾನದಲ್ಲೇ ಕೊಡೆ ಹಿಡಿದು ನಡೆಸಿದೆವು. ಇಂಟರ್‌ಲಾಕ್ ವಿಷಯ ಅಲ್ಲಿಯೇ ಇತ್ಯರ್ಥವಾಯಿತು. ಮೇಲಿನ ರಸ್ತೆಯ ನೀರು ಎಲ್ಲಿಂದ ನುಗ್ಗುತ್ತದೆ, ಎಲ್ಲಿ ಇಂಗುತ್ತದೆ ಎಂಬುದನ್ನು ಎಂಜಿನಿಯರ್ ಕಣ್ಣಾರೆ ಕಂಡರು. ಗೇಟಿನ ಬಳಿ ಪಾಚಿಗಟ್ಟಿದ ಸಿಮೆಂಟಿನ ಮೇಲೆ ಎಲ್ಲರೂ ಗೋಡೆ ಹಿಡಿದೇ ನಡೆದಿದ್ದರಿಂದ, ವಯಸ್ಸಾದವರು ಜಾರುತ್ತಾರೆಂದು ನಾನು ವಾದಿಸಬೇಕಾಗಿ ಬರಲಿಲ್ಲ. ಇಂಟರ್‌ಲಾಕ್ ಬದಲು ಅಂಚಿಗೆ ಚಿರೆಕಲ್ಲು, ನಡುವೆ ಸಣ್ಣ ಜಲ್ಲಿ, ಪಕ್ಕದಲ್ಲಿ ಕಾಲುವೆ ಎಂದು ಬರೆದುಕೊಂಡೆ.

ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಹುಲ್ಲಿನದು. ಮಳೆಗಾಲದಲ್ಲಿ ಅದು ಮೊಣಕಾಲೆತ್ತರ ಬೆಳೆದು, ಹಾವಿನ ಹೆದರಿಕೆಗೆ ಮಕ್ಕಳು ಒಳಗೆ ಕಾಲಿಡುವುದಿಲ್ಲ. ಬೇಸಿಗೆಯಲ್ಲಿ ಉದುರಿದ ಒಣ ಎಲೆಗೆ (ನಮ್ಮ ಕಡೆ ಅದಕ್ಕೆ ದರಕು ಎನ್ನುತ್ತಾರೆ) ಯಾರೋ ಬೆಂಕಿ ಕೊಡುತ್ತಾರೆ. ಎರಡಕ್ಕೂ ಕೂಲಿಯ ಲೆಕ್ಕ ಹಾಕುತ್ತ ಕುಳಿತಾಗ, ಹಿಂದಿನ ಬೀದಿಯಲ್ಲಿ ಆಕಳು ಸಾಕಿದ ಅಮ್ಮ ಒಬ್ಬರು, ‘ತಮ್ಮಾ, ಹುಲ್ಲು ನಾವೇ ಕೊಯ್ದುಕೊಂಡು ಹೋಗುತ್ತೇವೆ, ದರಕನ್ನೂ ಕೊಡಿ, ಕೊಟ್ಟಿಗೆಗೆ ಬೇಕು’ ಎಂದರು. ಊರಿನ ಸುತ್ತ ದರಕಿಗೆ ಎಷ್ಟು ಬೇಡಿಕೆಯಿದೆ ಎಂದು ಗೊತ್ತಿದ್ದೂ ಅದನ್ನು ಕಸದ ಗಾಡಿಗೆ ತುಂಬುವ ಯೋಚನೆ ಮಾಡಿದ್ದೆವಲ್ಲ! ಕೊಯ್ದವರಿಗೆ ಹುಲ್ಲು, ಗುಡಿಸಿದವರಿಗೆ ದರಕು, ಬೆಂಕಿ ಹಾಕುವಂತಿಲ್ಲ ಎಂದು ತೀರ್ಮಾನವಾಯಿತು.

ಬೀಗದ ಕೈ ನಗರಸಭೆಯಲ್ಲೇ ಉಳಿಯಿತು. ತೆರೆಯುವ, ಮುಚ್ಚುವ ಸಮಯವನ್ನು ಫಲಕದಲ್ಲಿ ಬರೆಸಿದೆವು. ಗಣೇಶೋತ್ಸವಕ್ಕೆ ಒಳಗೊಂದು ಕಾಯಂ ಮಂಟಪ ಬೇಕೆಂದವರಿಗೆ, ಉದ್ಯಾನ ಬೇರೆ ಬಳಕೆಗೆ ತಿರುಗದಂತೆ ಕಾಯಲು ರಾಜ್ಯದಲ್ಲಿ 1985ರ ಕಾಯ್ದೆಯಿದೆ ಎಂದು ತಿಳಿಸಿದೆ. ಸುಮ್ಮನಾದರು, ಒಪ್ಪಿದ್ದಾರೆಂದು ನನಗನ್ನಿಸುವುದಿಲ್ಲ.

ಇಂಥ ಪ್ರಯತ್ನಕ್ಕೆ ಇಳಿಯುವವರು ಬಜೆಟ್ ಪೂರ್ವಭಾವಿ ಸಭೆಗೆ ಮೊದಲೇ ಲಿಖಿತ ಮನವಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಮಾರ್ಚ್ ಕೊನೆಯಲ್ಲಿ ಹೋದರೆ ಹಣ ಆಗಲೇ ಹಂಚಿಹೋಗಿರುತ್ತದೆ.