ಮೇವಿನ ಮೆಕ್ಕೆಜೋಳ: ಹವೆ ನೋಡಿ ಕಟಾವು ಮಾಡಿ

ಮೆಕ್ಕೆಜೋಳ ಆಳೆತ್ತರ ಬೆಳೆದಿದೆ ಅಂದ ಮಾತ್ರಕ್ಕೆ ಮೇವು ಚೆನ್ನಾಗಿರುತ್ತದೆ ಅಂತಲ್ಲ. ಹಸುವಿಗೆ ಶಕ್ತಿ ಸಿಗುವುದು ಮುಖ್ಯವಾಗಿ ಕಾಳಿನ ಪಿಷ್ಟದಿಂದ, ಮತ್ತೆ ದಂಟು, ಎಲೆಗಳ ನಾರಿನಲ್ಲಿ ಜೀರ್ಣವಾಗುವ ಭಾಗದಿಂದ. ಈ ಎರಡರ ಮೇಲೂ ಹವೆ ಬೇರೆ ಬೇರೆ ಹೊತ್ತಿನಲ್ಲಿ ಕೈಯಾಡಿಸುತ್ತದೆ. ಹಾಗಾಗಿ ಕಟಾವಿಗೆ ಮೊದಲು, ಈ ಸಲ ಮಳೆ ಬಿಸಿಲು ಯಾವಾಗ ಹೇಗಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂ, ಬರುವ ಮೊದಲು ನೀರೂ ಸೆಕೆಯೂ ಜಾಸ್ತಿಯಿದ್ದರೆ ಗಿಡ ಸರಸರನೆ ಏಳುತ್ತದೆ, ಆದರೆ ದಂಟಿನಲ್ಲಿ ಲಿಗ್ನಿನ್ ಅನ್ನುವ ಜೀರ್ಣವಾಗದ ಗಟ್ಟಿ ವಸ್ತು ಕೂಡಿಕೊಂಡು ನಾರು ಬಿರುಸಾಗುತ್ತದೆ. ಅದೇ ಹೊತ್ತಿನಲ್ಲಿ ನೀರು ಸ್ವಲ್ಪ ಕಮ್ಮಿಯಾದರೆ ಗಿಡ ಗಿಡ್ಡ, ಇಳುವರಿಯೂ ಕಮ್ಮಿ, ಆದರೆ ನಾರು ಸಾಮಾನ್ಯವಾಗಿ ಚೆನ್ನಾಗಿ ಜೀರ್ಣವಾಗುತ್ತದೆ. ಗಿಡ್ಡ ಬೆಳೆ ನೋಡಿ ಸುಮ್ನೆ ಬೇಸರಪಡಬೇಡಿ.

ನಿಜವಾಗಿ ಹೆದರಬೇಕಾದ್ದು ಸೂಲಂಗಿ ಬಂದು ತೆನೆಯ ಕೂದಲು ಹೊರಬೀಳುವ ದಿನಗಳಲ್ಲಿ ನೀರು ಕೈಕೊಟ್ಟರೆ. ಆಗ ಕಾಳು ಸರಿಯಾಗಿ ಕಟ್ಟುವುದಿಲ್ಲ, ಪಿಷ್ಟ ಅಲ್ಲೇ ಹೋಯಿತು. ನೀರು ಅಳತೆಯಲ್ಲೇ ಇದೆ ಅಂದರೆ ಈ ದಿನಗಳಿಗೆ ಅಂತಲೇ ಉಳಿಸಿಡಿ.

ಕಟಾವಿಗೆ ಎತ್ತರ ನೋಡಬೇಡಿ, ದಿನ ಎಣಿಸಲೂ ಬೇಡಿ. ತೆನೆ ಮುರಿದು ಕಾಳು ನೋಡಿ: ಮೇಲಿನ ಗಟ್ಟಿ ಹಳದಿ ಭಾಗ ಕಾಳಿನ ಅರ್ಧದಿಂದ ಮೂರನೇ ಎರಡರಷ್ಟು ಕೆಳಗಿಳಿದಿದ್ದರೆ ಸೈಲೇಜಿಗೆ, ಅಂದರೆ ಹಸಿಮೇವನ್ನು ಗಾಳಿಯಾಡದಂತೆ ಗುಂಡಿಯಲ್ಲಿ ಒತ್ತಿ ಹುಳಿಬರಿಸಿ ಇಡುವುದಕ್ಕೆ, ಹೊತ್ತು ಬಂದಿದೆ. ಕಾಳು ಕಟ್ಟದ ಬೆಳೆಯಲ್ಲಿ ಈ ಗುರುತು ಕೆಲಸಕ್ಕೆ ಬರುವುದಿಲ್ಲ. ಒಣಗಿದ ಕೆಳ ಎಲೆ ನೋಡಿ ಮೋಸಹೋಗಬೇಡಿ, ದಂಟಿನಲ್ಲಿ ಇನ್ನೂ ತುಂಬಾ ನೀರಿರುತ್ತದೆ. ಹೊಲದ ನಾಲ್ಕಾರು ಕಡೆಯಿಂದ ಇಡೀ ಗಿಡ ತಂದು ಕತ್ತರಿಸಿ, ಬೆರೆಸಿ, 100 ಗ್ರಾಂ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಸುಡದಂತೆ ಒಣಗಿಸಿ. 30ರಿಂದ 35 ಗ್ರಾಂ ಉಳಿದರೆ ಸರಿ. ಅದಕ್ಕಿಂತ ಕಮ್ಮಿ ಅಂದರೆ ರಸ ಸೋರಿ ಸತ್ವ ಹೋಗುತ್ತದೆ, ಜಾಸ್ತಿ ಅಂದರೆ ಗುಂಡಿಯಲ್ಲಿ ಒತ್ತಿ ಕೂರುವುದಿಲ್ಲ, ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ.

ಇನ್ನೊಂದು ಮಾತು, ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಯೂರಿಯಾ ಜಾಸ್ತಿ ಹಾಕಿದ ಬೆಳೆ ಒಣಗಿಗೆ ಸಿಕ್ಕಿದ್ದರೆ ದಂಟಿನ ಬುಡದಲ್ಲಿ ನೈಟ್ರೇಟ್ ಕೂಡಿಕೊಂಡಿರುತ್ತದೆ, ಅದು ಹಸುವಿನ ಜೀವಕ್ಕೇ ಅಪಾಯ. ಒಣಗಿನ ಮೇಲೆ ಮಳೆ ಬಿದ್ದ ತಕ್ಷಣ ಕೊಯ್ಯಬೇಡಿ, ಒಂದು ವಾರವಾದರೂ ಬಿಡಿ. ನೆಲದಿಂದ 30 ಸೆಂಟಿಮೀಟರ್ ಮೇಲಕ್ಕೇ ಕೊಯ್ಯಿರಿ. ಹಸಿಯಾಗಿ ತಿನ್ನಿಸುವುದಕ್ಕಿಂತ ಸೈಲೇಜ್ ಮಾಡಿದರೆ ನೈಟ್ರೇಟ್ ಸಾಕಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಅನುಮಾನವಿದ್ದರೆ ತಿನ್ನಿಸುವ ಮೊದಲು ಪರೀಕ್ಷೆ ಮಾಡಿಸಿ.